ನಿಫ್ಟಿ ಫ್ಯೂಚರ್ಸ್‌ದಾಗ ಸ್ಕಾಲ್ಪಿಂಗ್ ಕಲಿಬೇಕಂತೀನಿ, ಕಲಬುರಗಿ ಕಡಿಯವ್ರು ಯಾರರ ಇದ್ರ ಜರಾ ಹೇಳ್ರಿ (2025ರ ಮಾತು, ಲಾಟ್ ಮತ್ತ ಖರ್ಚಿನ ರೇಟ್ ಎಲ್ಲಾ ಆಗಿಂದು)

ತೊಗರಿನಾಡ ಹುಡುಗ:
ನಮಸ್ಕಾರ್ರಿ ಎಲ್ಲರಿಗಿ. ಸೂಪರ್ ಮಾರ್ಕೆಟ್ ಕಡಿ ಮೊಬೈಲ್ ಅಂಗಡ್ಯಾಗ ಕೆಲಸ ಮಾಡ್ತೀನಿ, ಹನ್ನೊಂದರ ತನ ಗಿರಾಕಿ ಕಡಿಮಿ, ಅದಕ್ಕ ಮುಂಜಾನಿ 9:15ರಿಂದ 10:30 ತನ ಟೈಮ್ ಸಿಗ್ತದ. ಅಮೇರಿಕಾದವ್ರು ಎಸ್ ಆ್ಯಂಡ್ ಪಿ ಫ್ಯೂಚರ್ಸ್‌ದಾಗ ಸ್ಕಾಲ್ಪಿಂಗ್ ಮಾಡೋ ವಿಡಿಯೋ ಬಾಳ ನೋಡೀನಿ, ಒಂದು ನಿಮಿಷದ ಚಾರ್ಟ್ ಇಟ್ಕೊಂಡು ಆರ್ಡರ್ ಬುಕ್ (ಯಾರು ಯಾವ ರೇಟ್‌ಗಿ ತಗೋತಾರ ಮಾರ್ತಾರ ಅನ್ನೋ ಪಟ್ಟಿ) ನೋಡ್ಕೋತ ಒಳಗ ಹೋಗೋದು ಎರಡ್ಮೂರು ನಿಮಿಷದಾಗ ಹೊರಗ ಬರೋದು, ಅದನ್ನೇ ನಿಫ್ಟಿ ಫ್ಯೂಚರ್ಸ್‌ದಾಗ (50 ಶೇರುಗಳ ಇಂಡೆಕ್ಸ್ ಮ್ಯಾಲೆ ಮುಂದಿನ ತಾರೀಖಿನ ಸೌದಾ) ಮಾಡ್ಬೇಕಂತ ಮನಸನ್ಯಾಗ ಅದ. ಪ್ಲ್ಯಾನ್ ಇಷ್ಟ ನೋಡ್ರಿ: 10 ಪಾಯಿಂಟ್ ಟಾರ್ಗೆಟ್, 10 ಪಾಯಿಂಟ್ ಸ್ಟಾಪ್‌ಲಾಸ್ (ಅಷ್ಟು ಲಾಸ್ ಆದ್ರ ಹೊರಗ), ದಿನಕ್ಕ ಆರು ಟ್ರೇಡ್. ಆರರಾಗ ನಾಕು ಗೆದ್ದು ಎರಡು ಸೋತ್ರೂ 20 ಪಾಯಿಂಟ್ ಉಳೀತದ, 75ರ ಲಾಟ್‌ಗಿ (ಒಂದ್ಸಲಕ್ಕ ತಗೋಬೇಕಾದ ಕನಿಷ್ಠ ಗಾತ್ರ) 1,500 ರೂಪಾಯಿ ದಿನಕ್ಕ. ರೊಕ್ಕ 3 ಲಕ್ಷ ಅದ, ಅದ್ರಾಗ ಅರ್ಧ ಅಪ್ಪ ತೊಗರಿ ಮಾರಿ ಇಟ್ಟಿದ್ದು. ಟೆಲಿಗ್ರಾಂದಾಗ ಒಬ್ಬ ಸರ್ 15 ಸಾವಿರಕ್ಕ ಕೋರ್ಸ್ ಕೊಡ್ತೀನಿ ಲೈವ್ ಮಾರ್ಕೆಟ್‌ದಾಗ ಕೂಡಿಸ್ಕೊಂಡು ಕಲಿಸ್ತೀನಿ ಅನ್ಲಾಕತ್ತಾರ. ಸೇರ್ಲೋ ಬ್ಯಾಡೋ? ಪ್ಲ್ಯಾನ್ ಬರೋಬರ್ ಅದ ಏನ್ರಿ?

ಯಾದಗಿರಿ ಪ್ಯಾಸೆಂಜರ್:
ಪ್ಲ್ಯಾನ್ ಮಸ್ತ್ ಅದ ದೋಸ್ತ. ಡಿಸಿಪ್ಲಿನ್ ಇದ್ರ ಆಗ್ತದ. ಸ್ಟಾಪ್‌ಲಾಸ್ ಸರಸಬ್ಯಾಡ ಅಷ್ಟೇ.

ಸೇಡಂ ರೋಡ್ ಟ್ರೇಡರ್:
ತಮ್ಮಾ, ಆರರಾಗ ನಾಕು ಗೆದ್ದ ದಿನಾನೂ ನಿನ್ನ ಅಕೌಂಟ್‌ದಿಂದ 1,740 ರೂಪಾಯಿ ಹೋಗಿರ್ತದ. ಹ್ಯಾಂಗ ಅಂತ ಹೇಳ್ತೀನಿ ಕೇಳು, ಇದು ಯಾವ ವಿಡಿಯೋದಾಗೂ ಹೇಳಲ್ಲ ಯಾಕಂದ್ರ ಆ ವಿಡಿಯೋ ಮಾಡಿದವ್ರ ದೇಶದಾಗ ಇಷ್ಟು ಖರ್ಚು ಇಲ್ಲ.

ನಿಫ್ಟಿ 25,000 ಅಂತ ಹಿಡಿ. ಒಂದು ಲಾಟ್ 75, ಅಂದ್ರ ನೀ ಒಂದ್ಸಲ ಬಟನ್ ಒತ್ತಿದ್ರ 18 ಲಕ್ಷ 75 ಸಾವಿರದ ಮಾಲು ಖರೀದಿ ಮಾಡಿದಂಗ. ಮಾರೋ ಮುಂದ ಎಸ್‌ಟಿಟಿ (ಶೇರು ವ್ಯವಹಾರದ ಮ್ಯಾಲೆ ಸರ್ಕಾರದ ಟ್ಯಾಕ್ಸ್) 2025ದಾಗ 0.02 ಪರ್ಸೆಂಟ್, ಅದು ಬರೀ ಮಾರೋ ಕಡಿ, 375 ರೂಪಾಯಿ. ಇದು 2024 ಅಕ್ಟೋಬರ್ 1ರ ಮೊದ್ಲ 0.0125 ಇತ್ತು. ಎಕ್ಸ್‌ಚೇಂಜ್ ಚಾರ್ಜ್ ಲಕ್ಷಕ್ಕ 1.73, ಎರಡೂ ಕಡಿ ಸೇರಿ 65. ಖರೀದಿ ಕಡಿ ಸ್ಟ್ಯಾಂಪ್ ಡ್ಯೂಟಿ 37. ಡಿಸ್ಕೌಂಟ್ ಬ್ರೋಕರ್ ಇದ್ರ ಆರ್ಡರ್‌ಗಿ 20ರಂಗ 40. ಬ್ರೋಕರೇಜ್ ಮತ್ತ ಎಕ್ಸ್‌ಚೇಂಜ್ ಚಾರ್ಜ್ ಮ್ಯಾಲೆ 18 ಪರ್ಸೆಂಟ್ ಜಿಎಸ್‌ಟಿ ಇಪ್ಪತ್ತರ ಹತ್ರ, ಸೆಬಿ (ಶೇರು ಮಾರ್ಕೆಟ್ ನಿಯಂತ್ರಕ) ಫೀ ಮೂರ್ನಾಕು ರೂಪಾಯಿ. ಕೂಡಿಸು. 540 ಆಗ್ತದ. 75ರಿಂದ ಭಾಗಿಸಿದ್ರ 7.2 ಪಾಯಿಂಟ್.

ಈಗ ನಿನ್ನ 10 ಪಾಯಿಂಟ್ ಟಾರ್ಗೆಟ್ ನೋಡು. ಗೆದ್ರ ಕೈಗಿ 2.8 ಪಾಯಿಂಟ್, ಸೋತ್ರ 17.2 ಹೋತು. ಇದ್ರಾಗ ಬರೀ ಮುದ್ದಲು ಉಳಿಬೇಕಂದ್ರ ನೂರರಾಗ 86 ಟ್ರೇಡ್ ಗೆಲ್ಬೇಕು. ಇನ್ನೊಂದು ಹಿಸಾಬ್: ದಿನಕ್ಕ ಆರು ಟ್ರೇಡ್ ಅಂದ್ರ 3,240 ಖರ್ಚು, ತಿಂಗಳಿಗಿ 20 ದಿನ ಮಾರ್ಕೆಟ್ ಹಿಡಿದ್ರ 64,800. ನಿನ್ನ ಹತ್ರ ಇರೋದು 3 ಲಕ್ಷ. ಮಾರ್ಕೆಟ್ ನಿನ್ನ ಕಡಿ ಒಂದು ರೂಪಾಯಿ ಬರಲಿಲ್ಲ ನಿನ್ನ ವಿರುದ್ಧನೂ ಒಂದು ರೂಪಾಯಿ ಹೋಗಲಿಲ್ಲ ಅಂದ್ರೂ ಐದು ತಿಂಗಳ ಒಳಗ ಪೂರಾ ಖಾಲಿ, ಮಾರ್ಜಿನ್ (ಬ್ರೋಕರ್ ಹತ್ರ ಇಡಬೇಕಾದ ಠೇವಣಿ) ಸಾಲದೆ ಟ್ರೇಡ್ ಮಾಡೋದು ಅದಕ್ಕಿಂತ ಬಾಳ ಮೊದ್ಲೇ ಬಂದ್ ಆಗ್ತದ ಅದು ಬ್ಯಾರೆ ಮಾತು.

ತೊಗರಿನಾಡ ಹುಡುಗ:
ಯಪ್ಪಾ. ಖರೇನ್ರಿ ಅಣ್ಣ? ಬ್ರೋಕರ್ ಆ್ಯಪ್‌ದಾಗ 20 ರೂಪಾಯಿ ಅಷ್ಟೇ ತೋರಸ್ತದಲ್ಲ?

ಸೇಡಂ ರೋಡ್ ಟ್ರೇಡರ್:
20 ಅಂದ್ರ ಬ್ರೋಕರ್ ತನಗ ತಗೋಳೋದು. ಬಾಕಿದು ಸಂಜಿಮುಂದ ಮೇಲ್‌ಗಿ ಕಾಂಟ್ರ್ಯಾಕ್ಟ್ ನೋಟ್ ಬರ್ತದಲ್ಲ ಅದ್ರ ಕೆಳಗ ಸಣ್ಣ ಅಕ್ಷರದಾಗ ಇರ್ತದ. ಎಲ್ಲಾ ಬ್ರೋಕರ್‌ಗಳ ವೆಬ್‌ಸೈಟ್‌ದಾಗ ಬ್ರೋಕರೇಜ್ ಕ್ಯಾಲ್ಕ್ಯುಲೇಟರ್ ಅಂತ ಇರ್ತದ, ನನ್ನ ಮಾತು ನಂಬಬ್ಯಾಡ, ನೀನೇ 25,000ಕ್ಕ ಖರೀದಿ 25,010ಕ್ಕ ಮಾರಿದ್ದು ಅಂತ ಹಾಕಿ ನೋಡು.

ಯಾದಗಿರಿ ಪ್ಯಾಸೆಂಜರ್:
ಅಣ್ಣೋರು ಹೆದರಸ್ಲಾಕತ್ತಾರ. ಫ್ಯೂಚರ್ಸ್ ಬಿಟ್ಟು ಆಪ್ಷನ್ (ಇಂತಿಷ್ಟು ರೇಟ್‌ಗಿ ತಗೋಳೋ ಇಲ್ಲಾ ಮಾರೋ ಹಕ್ಕು) ಖರೀದಿ ಮಾಡಿ ಸ್ಕಾಲ್ಪ್ ಮಾಡು, ಖರ್ಚು ಬಾಳ ಹತ್ತಲ್ಲ. 120 ರೂಪಾಯಿ ಪ್ರೀಮಿಯಂದು (ಆ ಹಕ್ಕಿನ ಬೆಲಿ) ಒಂದು ಲಾಟ್ ತಗೊಂಡು ಮಾರಿದ್ರ ಒಟ್ಟು 65 ರೂಪಾಯಿ ಒಳಗ ಮುಗೀತದ, ಅಂದ್ರ ಪ್ರೀಮಿಯಂದಾಗ ಒಂದು ಪಾಯಿಂಟೂ ಅಲ್ಲ. ಯಾಕಂದ್ರ ಆಪ್ಷನ್‌ದಾಗ ಎಸ್‌ಟಿಟಿ ಪ್ರೀಮಿಯಂ ಮ್ಯಾಲೆ, ಪೂರಾ ಕಾಂಟ್ರ್ಯಾಕ್ಟ್ ಮ್ಯಾಲೆ ಅಲ್ಲ.

ಸೇಡಂ ರೋಡ್ ಟ್ರೇಡರ್:
ಈ ಮಾತು ಖರೇ ಅದ, ಒಪ್ತೀನಿ. ಖರ್ಚಿನ ಹಿಸಾಬ್‌ದಾಗ ಆಪ್ಷನ್ ಸೋವಿ. ಆದ್ರ ಬಾಕಿ ಅರ್ಧ ಮಾತೂ ಹೇಳ್ರಿ ಸರ. ಅಟ್ ದಿ ಮನಿ (ನಿಫ್ಟಿಯ ಈಗಿನ ರೇಟ್‌ದ) ಆಪ್ಷನ್‌ಗಿ ಡೆಲ್ಟಾ ಅರ್ಧ, ಅಂದ್ರ ನಿಫ್ಟಿ 10 ಓಡಿದ್ರ ಪ್ರೀಮಿಯಂ 5 ಓಡ್ತದ. ಮಂಗಳವಾರ ಎಕ್ಸ್‌ಪೈರಿ (ಕಾಂಟ್ರ್ಯಾಕ್ಟ್ ಮುಗಿಯೋ) ದಿನ ಮಾರ್ಕೆಟ್ ಸುಮ್ನ ಕುಂತ್ರೂ ಪ್ರೀಮಿಯಂ ಕರಗ್ಕೋತ ಹೋಗ್ತದ, ಫ್ಯೂಚರ್ಸ್‌ದಾಗ ಆ ಕಾಟ ಇಲ್ಲ. ಮತ್ತ ಸೋವಿ ಅಂತ ಎಲ್ಲರೂ ಅಲ್ಲೇ ಹೋಗ್ಯಾರ, ಏನಾಗ್ಯದ ನೋಡ್ರಿ: ಸೆಬಿ 2025 ಜುಲೈದಾಗ ಬಿಟ್ಟ ಅಧ್ಯಯನದಾಗ 2024-25ಕ್ಕ ಎಫ್ ಆ್ಯಂಡ್ ಒ (ಫ್ಯೂಚರ್ಸ್ ಮತ್ತ ಆಪ್ಷನ್) ಮಾಡೋ ಸಾಮಾನ್ಯ ಜನರಾಗ 91 ಪರ್ಸೆಂಟ್ ಲಾಸ್, ಒಟ್ಟು ಲಾಸ್ 1 ಲಕ್ಷ 5 ಸಾವಿರ ಕೋಟಿ ಮೀರ್ಯದ. ಹಿಂದಿನ ವರ್ಷ 74,812 ಕೋಟಿ ಇತ್ತು.

ಯಾದಗಿರಿ ಪ್ಯಾಸೆಂಜರ್:
91 ಪರ್ಸೆಂಟ್ ಅಂತ ಎಲ್ಲರೂ ಹೇಳ್ತಾರ್ರಿ. ಬಾಕಿ 9 ಪರ್ಸೆಂಟ್ ಮನಷ್ಯಾರಲ್ಲೇನು? ದೊಡ್ಡೋರು ಆಡಿದ್ರ ಜೂಜು ಅಂತ ಯಾರೂ ಅನ್ನಲ್ಲ, ಜೇನ್ ಸ್ಟ್ರೀಟ್ ಅನ್ನೋ ಅಮೇರಿಕಾದ ಟ್ರೇಡಿಂಗ್ ಕಂಪನಿ ಮ್ಯಾಲೆ 2025 ಜುಲೈ 3ಕ್ಕ ಸೆಬಿ ಮಧ್ಯಂತರ ಆದೇಶ ಹಾಕಿ 4,843 ಕೋಟಿ ಹಿಡೀತು. ನಮ್ಮಂಥೋರು 3 ಲಕ್ಷ ಹಾಕಿದ್ರ ಮಾತ್ರ ಜೂಜು ಅಂತಾರ.

ಸೇಡಂ ರೋಡ್ ಟ್ರೇಡರ್:
ಜೂಜು ಅಂತ ನಾನೆಲ್ಲಿ ಅಂದೆ? ಹುಡುಗ ಯಾರ ಎದುರು ಕುಂದ್ರಲಾಕ ಹೊಂಟಾನ ಅಂತ ಹೇಳ್ಲಾಕತ್ತೀನಿ. ಸೆಬಿದು 2024 ಸೆಪ್ಟೆಂಬರ್‌ದು ಇನ್ನೊಂದು ಅಧ್ಯಯನ ಅದ, ಅದ್ರಾಗ ವಿದೇಶಿ ಫಂಡ್‌ಗಳ ಲಾಭದಾಗ 97 ಪರ್ಸೆಂಟ್, ಪ್ರೊಪ್ರೈಟರಿ ಟ್ರೇಡರ್‌ಗಳ (ತಮ್ಮದೇ ರೊಕ್ಕದಾಗ ಟ್ರೇಡ್ ಮಾಡೋ ಕಂಪನಿ) ಲಾಭದಾಗ 96 ಪರ್ಸೆಂಟ್ ಆಲ್ಗೋದಿಂದ (ಕಂಪ್ಯೂಟರ್ ತಾನೇ ಆರ್ಡರ್ ಹಾಕೋದು) ಬಂದದ ಅಂತ ಅದ. ಆ ಮಷೀನ್ ಎಲ್ಲಾ ಎಕ್ಸ್‌ಚೇಂಜ್ ಬಿಲ್ಡಿಂಗ್‌ದಾಗೇ ಸರ್ವರ್ ಇಟ್ಕೊಂಡು ಕುಂತಾವ. ಇವಾ ಸೂಪರ್ ಮಾರ್ಕೆಟ್‌ದಾಗ ಮೊಬೈಲ್ ಡೇಟಾ ಮ್ಯಾಲೆ ಆರ್ಡರ್ ಬುಕ್ ನೋಡಿ ಎರಡು ಸೆಕೆಂಡ್‌ದಾಗ ನಿರ್ಧಾರ ಮಾಡ್ತೀನಿ ಅಂತಾನ. ಜಲ್ದಿ ಓಡೋ ಆಟದಾಗ ಅವ್ರ ಜೋಡಿ ಪಂದ್ಯ ಬ್ಯಾಡ. ನಿಧಾನ ಆಟದಾಗ ಆದ್ರ ಮಷೀನ್‌ಗಿ ಆ ಅನುಕೂಲ ಕಡಿಮಿ.

ಗಂಜ್ ಅಡತಿ:
ನಾ ಗಂಜ್‌ನ್ಯಾಗ ಅಂಗಡಿ ಇಟ್ಟವ, ಶೇರು ಗಿರು ನನಗ ಬಾಳ ತಿಳಿಯಲ್ಲ. ಆದ್ರ ಈ ಹುಡುಗನ ಹಿಸಾಬ್ ನೋಡಿದ್ರ ನಮ್ಮ ಹತ್ರ ಹೊಸಾ ಖರೀದಿದಾರ ಬಂದಂಗ ಅನಸ್ತದ: ಕ್ವಿಂಟಲ್‌ಗಿ 50 ರೂಪಾಯಿ ಸಿಕ್ರ ಸಾಕಂತ ತೊಗರಿ ತಗೋತಾನ, ಹಮಾಲಿ ತೂಕ ಚೀಲ ಬಾಡಗಿ ಎಲ್ಲಾ ಕೂಡಿಸಿದ ಮ್ಯಾಲೆ ತಿಳೀತದ ತಾ ದುಡಿದಿದ್ದು ಹಮಾಲರಿಗಿ ಅಂತ. ಇನ್ನೊಂದು ಮಾತು, ತೊಗರಿಗೂ ಒಂದು ಕಾಲಕ್ಕ ಫ್ಯೂಚರ್ಸ್ ಇತ್ತು, 2007 ಜನವರಿದಾಗ ಸರ್ಕಾರ ಬಂದ್ ಮಾಡ್ತು, ಇನ್ನೂ ಚಾಲೂ ಆಗಿಲ್ಲ. ಅದು ಇದ್ದಿದ್ರ ನಿಮ್ಮಪ್ಪನಂಥೋರಿಗಿ ಬಿತ್ತೋ ಮುಂದೇ ಸುಗ್ಗಿ ರೇಟ್ ಒಂದು ಕಡಿ ಗಟ್ಟಿ ಮಾಡ್ಕೊಳ್ಳಾಕ ಬರ್ತಿತ್ತು. ಫ್ಯೂಚರ್ಸ್ ಹುಟ್ಟಿದ್ದೇ ಅದಕ್ಕ, ಮೂರು ನಿಮಿಷಕ್ಕ ಅಲ್ಲ. 2025-26ಕ್ಕ ಅಂತೂ ಎಂಎಸ್‌ಪಿ (ಸರ್ಕಾರದ ಬೆಂಬಲ ಬೆಲಿ) ಕ್ವಿಂಟಲ್‌ಗಿ 8,000 ಅಂತ ಹೇಳ್ಯಾರ, ಸುಗ್ಗಿ ಬಂದಾಗ ಆ ರೇಟ್ ಸಿಗ್ತದೋ ಇಲ್ಲೋ ಅದು ಬ್ಯಾರೆ ಪಂಚಾಯತಿ.

ತೊಗರಿನಾಡ ಹುಡುಗ:
ಕಾಕಾ ನಮ್ಮ ಮನ್ಯಾಗ ತೊಗರಿ ಈ ಸಲ ಮಳಿಗಿ ಅರ್ಧ ಹೋಗ್ಯದ ನೋಡ್ರಿ. ಅದಕ್ಕೇ ನಾನು ಬ್ಯಾರೆ ದಾರಿ ಹುಡುಕ್ಲಾಕತ್ತಿದ್ದು.

ಹಿಸಾಬ್ ಅಕ್ಕ:
ಹಂಗಿದ್ರ ಅಪ್ಪನ ರೊಕ್ಕ ಅದ್ರಾಗ ಹಾಕಬ್ಯಾಡ ತಮ್ಮಾ. ಬಿತ್ತಾಕ ಗೊಬ್ಬರಕ್ಕ ಬೇಕಾಗೋ ರೊಕ್ಕ ಮಾರ್ಜಿನ್ ಆಗಿ ಕುಂತ್ರ ನೀ ಸ್ಕ್ರೀನ್ ಮುಂದ ಸರಿಯಾಗಿ ಉಸಿರಾಡಾಕೂ ಆಗಲ್ಲ.

ಕೋರ್ಸ್ ಬಗ್ಗೆ ನಾ ಹೇಳ್ತೀನಿ, ನಾ ಟ್ಯಾಕ್ಸ್ ರಿಟರ್ನ್ ಮಾಡ್ತೀನಿ, ಇಂಥ ಕೋರ್ಸ್ ಸೇರಿದವ್ರ ಕಾಗದ ನನ್ನ ಟೇಬಲ್ ಮ್ಯಾಲೆ ಬರ್ತಾವ. ಆ ಸರ್‌ಗಿ ಎರಡು ಪ್ರಶ್ನೆ ಕೇಳು. ಒಂದು, ಸೆಬಿ ನೋಂದಣಿ ನಂಬರ್ ಅದ ಏನು, ಅದ ಅಂದ್ರ ಸೆಬಿ ವೆಬ್‌ಸೈಟ್‌ದಾಗ ಹೆಸರು ಹುಡುಕು. ಎರಡು, ನೋಂದಣಿ ಇಲ್ಲ ನಾ ಬರೀ ಪಾಠ ಹೇಳವ ಅಂದ್ರ, 2025 ಜನವರಿದಾಗ ಸೆಬಿ ಸುತ್ತೋಲೆ ಹೊರಡ್ಸ್ಯದ, ಪಾಠ ಹೇಳವ್ರು ಮೂರು ತಿಂಗಳ ಹಿಂದಿನ ರೇಟ್ ಅಷ್ಟೇ ಉದಾಹರಣೆಗಿ ತೋರಿಸ್ಬೇಕು. "ಲೈವ್ ಮಾರ್ಕೆಟ್‌ದಾಗ ಕೂಡಿಸ್ಕೊಂಡು ಕಲಿಸ್ತೀನಿ" ಅಂತ ಅಂದ್ರಲ್ಲ ಅಲ್ಲೇ ತಿಳೀತು. ಲಾಭದ ಸ್ಕ್ರೀನ್‌ಶಾಟ್ ಕಳಿಸಿದ್ರ ಪೂರಾ ವರ್ಷದ ಟ್ಯಾಕ್ಸ್ ಪಿ ಆ್ಯಂಡ್ ಎಲ್ (ಲಾಭ ನಷ್ಟದ ಪಟ್ಟಿ) ಕಳಿಸ್ರಿ ಅನ್ನು, ಆಮ್ಯಾಲೆ ಅವ್ರು ನಿನ್ನ ಬ್ಲಾಕ್ ಮಾಡ್ತಾರ. ಓದ್ಬೇಕಂದ್ರ ಬ್ರೋಕರ್ ಜೆರೋಧಾದ ವಾರ್ಸಿಟಿ ಸೈಟ್‌ದಾಗ ಫ್ಯೂಚರ್ಸ್ ಮಾಡ್ಯೂಲ್ ಫುಕಟ್ ಅದ, ಸೆಬಿದೇ ಸಂಸ್ಥೆ ಎನ್‌ಐಎಸ್‌ಎಂದ ಈಕ್ವಿಟಿ ಡೆರಿವೇಟಿವ್ಸ್ ಪುಸ್ತಕ ಪಿಡಿಎಫ್ ಫುಕಟ್ ಸಿಗ್ತದ. 15 ಸಾವಿರ ಉಳಿಸು.

ಬೀದರ್ ಕೋಟಿ ಬಾಗಲ:
ನಂದೂ ಒಂದು ಪ್ರಶ್ನೆ ಇದ್ರಾಗೇ ಕೇಳ್ತೀನಿ. ನಮ್ಮಲ್ಲಿ ಎಸ್‌ಟಿಟಿ ಕಾಟ ಅಂದ್ರ ಸೀದಾ ಅಮೇರಿಕಾದ್ದೇ ಯಾಕ ಮಾಡಬಾರ್ದು? ಮೈಕ್ರೋ ಇ-ಮಿನಿ ಅಂತ ಸಣ್ಣ ಲಾಟ್ ಅದ, ಸಂಜಿ ಮ್ಯಾಲೆ ಮಾಡಬಹುದು, ಕೆಲಸಾನೂ ಹೋಗಲ್ಲ. ಇನ್‌ಸ್ಟಾದಾಗ ಫಂಡೆಡ್ ಅಕೌಂಟ್ ಅಂತ ಬಾಳ ಜಾಹೀರಾತು ಬರ್ತಾವ, ಫೀ ಕಟ್ಟಿ ಪರೀಕ್ಷೆ ಪಾಸಾದ್ರ ಅವ್ರೇ ರೊಕ್ಕ ಕೊಡ್ತಾರಂತ.

ಸೇಡಂ ರೋಡ್ ಟ್ರೇಡರ್:
ಲಾಟ್ ಸಣ್ಣದು ಅನ್ನೋದು ಖರೇ. ಇ-ಮಿನಿ ಎಸ್ ಆ್ಯಂಡ್ ಪಿ ಒಂದು ಪಾಯಿಂಟ್‌ಗಿ 50 ಡಾಲರ್, ಟಿಕ್ (ರೇಟ್ ಸರಿಯೋ ಕನಿಷ್ಠ ಹೆಜ್ಜಿ) 0.25, ಅಂದ್ರ ಟಿಕ್‌ಗಿ 12.50 ಡಾಲರ್. ಮೈಕ್ರೋ ಅದ್ರ ಹತ್ತನೇ ಒಂದು ಭಾಗ, ಟಿಕ್‌ಗಿ 1.25, ಅಲ್ಲಿನ ಎಕ್ಸ್‌ಚೇಂಜ್ ಸಿಎಂಇ 2019ರ ಮೇದಾಗ ಶುರು ಮಾಡ್ತು. ಅಲ್ಲಿ ಇ-ಮಿನಿ ಒಂದ್ಸಲ ತಗೊಂಡು ಮಾರಿದ್ರ ಕಮಿಷನ್ ಫೀ ಎಲ್ಲಾ ಸೇರಿ ಒಂದು ಟಿಕ್‌ಗಿಂತ ಕಡಿಮಿ, ಅದಕ್ಕೇ ಅವ್ರು ಎರಡು ಟಿಕ್ ನಾಕು ಟಿಕ್‌ಗಿ ಕೈ ಹಾಕ್ತಾರ. ನಮ್ಮಲ್ಲಿ ಖರ್ಚೇ 7 ಪಾಯಿಂಟ್. ಅವ್ರ ಕೌಶಲ್ಯ ಸುಳ್ಳಲ್ಲ, ಅದು ನಿಂತಿರೋ ನೆಲ ಬ್ಯಾರೆ.

ಆದ್ರ ನಮಗ ಅದು ಬರಲ್ಲ. ಎಲ್‌ಆರ್‌ಎಸ್‌ದಾಗ (ಹೊರದೇಶಕ್ಕ ರೊಕ್ಕ ಕಳಿಸೋ ಆರ್‌ಬಿಐ ಯೋಜನೆ) ವಿದೇಶಿ ಶೇರು ತಗೋಬಹುದು, ವಿದೇಶಿ ಎಕ್ಸ್‌ಚೇಂಜ್‌ಗಿ ಮಾರ್ಜಿನ್ ಕಟ್ಟಾಕ ರೊಕ್ಕ ಕಳಿಸಾಕ ಆರ್‌ಬಿಐ ಬಿಡಲ್ಲ, ಅದು ಫೆಮಾ (ವಿದೇಶಿ ವಿನಿಮಯ ಕಾಯ್ದೆ) ಉಲ್ಲಂಘನೆ. ಫಂಡೆಡ್ ಅಕೌಂಟ್ ಜಾಹೀರಾತಿನವ್ರು ಯಾರು ಏನು ಅಂತ ನೋಡು, ಬಾಳ ಮಂದಿಗಿ ಮಾರ್ಕೆಟ್‌ಗಿಂತ ಪರೀಕ್ಷೆ ಫೀದಾಗೇ ಆದಾಯ. ಫೇಲ್ ಆದವ್ರು ಮತ್ತ ಕಟ್ತಾರ. ಕೈ ಬಿಡು.

ಬೀದರ್ ಕೋಟಿ ಬಾಗಲ:
ಆಯ್ತ್ರಿ. ಜರಾ ಗೂಗಲ್ ಮಾಡಿದ್ರ ನನಗೂ ತಿಳೀತಿತ್ತು ಬಿಡ್ರಿ. ಮತ್ತ ಗಿಫ್ಟ್ ನಿಫ್ಟಿ?

ಸೇಡಂ ರೋಡ್ ಟ್ರೇಡರ್:
ಅದು ಗುಜರಾತಿನ ಗಿಫ್ಟ್ ಸಿಟಿದಾಗ ನಡಿಯೋ ನಿಫ್ಟಿ ಫ್ಯೂಚರ್ಸ್, ನಮಗ ನೋಡಾಕಷ್ಟೇ. ಮುಂಜಾನಿ 6:30ಕ್ಕ ಶುರು ಆಗ್ತದ, ನಮ್ಮ ಮಾರ್ಕೆಟ್ ಮ್ಯಾಲೆ ತೆರೀತದೋ ಕೆಳಗೋ ಅಂತ ಅಂದಾಜು ಸಿಗ್ತದ.

ತೊಗರಿನಾಡ ಹುಡುಗ:
ಹಂಗಾದ್ರ ನಾನು ಫ್ಯೂಚರ್ಸ್ ಕಲಿಯೋದೇ ಬ್ಯಾಡೇನ್ರಿ ಅಣ್ಣ? ಬರೀ ಬ್ಯಾಡ ಬ್ಯಾಡ ಅಂದ್ರ ಹ್ಯಾಂಗ.

ಸೇಡಂ ರೋಡ್ ಟ್ರೇಡರ್:
ಕಲಿಬ್ಯಾಡ ಅನ್ನಲ್ಲ. ಸ್ಕಾಲ್ಪಿಂಗ್ ಬಿಟ್ಟು ಇಂಟ್ರಾಡೇ (ಅದೇ ದಿನ ಮುಗಿಸೋದು, ಆದ್ರ ದೊಡ್ಡ ಓಟ ಹಿಡಿಯೋದು) ಕಲಿ ಅಂತೀನಿ, ಎರಡಕ್ಕೂ ಬಾಳ ಫರಕ್ ಅದ. ಅದೇ 7.2 ಖರ್ಚು ಇಟ್ಟು 40 ಟಾರ್ಗೆಟ್ 20 ಸ್ಟಾಪ್ ಹಾಕಿ ನೋಡು. ಗೆದ್ರ 32.8, ಸೋತ್ರ 27.2. ಈಗ ನೂರರಾಗ 46 ಗೆದ್ರ ಮುದ್ದಲು ಮ್ಯಾಲೆ ಉಳೀತದ. ಖರ್ಚು ಇಲ್ಲದಿದ್ರ 34 ಸಾಕಾಗಿತ್ತು, ಅಂದ್ರ ಇಲ್ಲೂ ಏಟು ಬೀಳ್ತದ, ಆದ್ರ 86ಕ್ಕೂ 46ಕ್ಕೂ ನಡುವ ಮನಷ್ಯಾ ಉಸಿರಾಡಬಹುದು. ಆದ್ರ 40 ಪಾಯಿಂಟ್ ದಿನಾ ಆರು ಸಲ ಸಿಗಲ್ಲ. ಇಂಡಿಯಾ ವಿಐಎಕ್ಸ್ (ಮಾರ್ಕೆಟ್ ಎಷ್ಟು ಅಲ್ಲಾಡಬಹುದು ಅನ್ನೋ ಸೂಚ್ಯಂಕ) 10-11 ಇದ್ದಾಗ, ಸುಮ್ನಿರೋ ದಿನ ನಿಫ್ಟಿ ಪೂರಾ ದಿನದಾಗ 100-150 ಪಾಯಿಂಟ್ ಆಡ್ತದ ಅಷ್ಟೇ. ಅದ್ರಾಗ 40 ಸಿಗೋದು ಒಂದ್ಸಲ, ಹೆಚ್ಚಂದ್ರ ಎರಡು ಸಲ. ಸಿಗದ ದಿನ ಸ್ಕ್ರೀನ್ ಬಂದ್ ಮಾಡು.

ಏನು ನೋಡ್ಬೇಕಂದ್ರ, ಮೊದಲ 15 ನಿಮಿಷ ಸುಮ್ನ ಕೂಡು, 9:15ರಿಂದ 9:30ರ ಮ್ಯಾಲಿನ ತುದಿ ಕೆಳಗಿನ ತುದಿ ಗುರ್ತ ಮಾಡು, ಹಿಂದಿನ ದಿನದ ಹೈ ಲೋ ಗುರ್ತ ಮಾಡು, ವಿವ್ಯಾಪ್ (ವಾಲ್ಯೂಮ್ ಹಿಡಿದು ತೆಗೆದ ಸರಾಸರಿ ರೇಟ್) ಹಾಕು. ವಿವ್ಯಾಪ್ ಫ್ಯೂಚರ್ಸ್ ಚಾರ್ಟ್ ಮ್ಯಾಲೆ ಹಾಕು, ನಿಫ್ಟಿ ಸ್ಪಾಟ್ ಅಂದ್ರ 50 ಶೇರುಗಳ ಲೆಕ್ಕ ಅದು, ಇಂಡೆಕ್ಸ್‌ನ ಯಾರೂ ಖರೀದಿ ಮಾಡಲ್ಲ, ಅದಕ್ಕ ತನ್ನದೇ ವಾಲ್ಯೂಮ್ ಇರಲ್ಲ. ಫ್ಯೂಚರ್ಸ್ ಸ್ಪಾಟ್‌ಗಿಂತ ಜರಾ ಮ್ಯಾಲೆ ಇರ್ತದ, ಎಕ್ಸ್‌ಪೈರಿ ಹತ್ರ ಬಂದಂಗ ಆ ಅಂತರ ಕಡಿಮಿ ಆಗ್ತದ, ಸ್ಪಾಟ್‌ದ ಲೆವೆಲ್ ತಂದು ಫ್ಯೂಚರ್ಸ್ ಮ್ಯಾಲೆ ಸ್ಟಾಪ್ ಹಾಕಿದ್ರ ಅಲ್ಲೇ ಗಡಬಡ ಆಗ್ತದ. ಇಂಡಿಕೇಟರ್ ಹತ್ತು ಹಾಕಿ ಚಾರ್ಟ್ ಹೋಳಿ ಹುಣ್ಣಿವಿ ಮಾಡಬ್ಯಾಡ.

ಯಾದಗಿರಿ ಪ್ಯಾಸೆಂಜರ್:
ಇದು ಒಪ್ಪೋ ಮಾತು. ನಾನೂ ಸ್ಟಾಪ್ ಚಾರ್ಟ್ ನೋಡಿ ಹಾಕ್ತೀನಿ, 10 ಪಾಯಿಂಟ್ ಅಂತ ಗಟ್ಟಿ ಇಡಲ್ಲ. 10 ಪಾಯಿಂಟ್ ಅಂದ್ರ ಮಾರ್ಕೆಟ್ ಉಸಿರು ಬಿಟ್ರೂ ಹೋಗ್ತದ.

ತೊಗರಿನಾಡ ಹುಡುಗ:
3 ಲಕ್ಷ ಸಾಕಾಗ್ತದೇನ್ರಿ? ಇಂಟ್ರಾಡೇಗಿ ಅರ್ಧ ಮಾರ್ಜಿನ್ ಹತ್ತದ ಅಂತ ಒಬ್ಬವ ಹೇಳ್ದ.

ಸೇಡಂ ರೋಡ್ ಟ್ರೇಡರ್:
ಅದು ಹಳೇ ಮಾತು. 2021 ಸೆಪ್ಟೆಂಬರ್‌ದಿಂದ ಪೀಕ್ ಮಾರ್ಜಿನ್ ನೂರಕ್ಕ ನೂರು ಆಗ್ಯದ, ಇಂಟ್ರಾಡೇ ಇದ್ರೂ ಪೂರಾ ಮಾರ್ಜಿನ್ ಬೇಕು, ಒಂದು ಲಾಟ್‌ಗಿ ಎರಡೂ ಕಾಲು ಲಕ್ಷದ ಆಸುಪಾಸು. ಮೊದ್ಲ ಲಾಟ್ 25 ಇತ್ತು, ಹೊಸಬರಿಗಿ ಅದು ಚಲೋ ಇತ್ತು ಅಂತ ನನ್ನ ಅಭಿಪ್ರಾಯ, 2024 ನವೆಂಬರ್‌ದಾಗ ಸೆಬಿ ಕಾಂಟ್ರ್ಯಾಕ್ಟ್ ಕನಿಷ್ಠ 15 ಲಕ್ಷ ಇರ್ಬೇಕು ಅಂದ ಮ್ಯಾಲೆ 75 ಆತು. ಜನ ದೂರ ಇರ್ಲಿ ಅಂತ ಮಾಡ್ಯಾರ, ಬರೋರು ಬರ್ಲಾಕತ್ತಾರ, ಸಣ್ಣವ ಮಾತ್ರ ಮೂರುಪಟ್ಟು ದೊಡ್ಡ ಪೆಟ್ಟು ತಿಂತಾನ.

3 ಲಕ್ಷಕ್ಕ ಒಂದು ಲಾಟ್, ಎರಡನೇದ್ದು ಇಲ್ಲ. ಒಂದು ಟ್ರೇಡ್‌ಗಿ 1 ಪರ್ಸೆಂಟ್ ಅಂದ್ರ 3,000, ಅಂದ್ರ ಖರ್ಚು ಸೇರಿ 40 ಪಾಯಿಂಟ್. ಸ್ಟಾಪ್ 30 ಮೀರಿ ಬೇಕಾಗೋ ಟ್ರೇಡ್ ಬಿಟ್ಟುಬಿಡು. ದಿನಕ್ಕ ಎರಡು ಸೋತ್ರ ಬಂದ್. ಸ್ಟಾಪ್ ತಲ್ಯಾಗ ಇಟ್ಕೋಬ್ಯಾಡ, ಒಳಗ ಹೋದ ಕೂಡ್ಲೆ ಸಿಸ್ಟಮ್‌ದಾಗ ಹಾಕು, ಕರೆಂಟ್ ಹೋಗ್ತದ ನೆಟ್ ಹೋಗ್ತದ ನಮ್ಮೂರು ನಿನಗ ಗೊತ್ತದ. ಬ್ರೋಕರ್‌ದು ಕಾಲ್ ಆ್ಯಂಡ್ ಟ್ರೇಡ್ ನಂಬರ್ ಫೋನ್‌ದಾಗ ಸೇವ್ ಇರ್ಲಿ, ಮತ್ತ ಇಂಟ್ರಾಡೇ ಪೊಸಿಷನ್ ರಾತ್ರಿ ಒಯ್ಯೋ ಪೊಸಿಷನ್ ಮಾಡಬ್ಯಾಡ, ಲಾಸ್‌ದಾಗ ಇದ್ದಾಗ ಕೈ ಅದನ್ನೇ ಒತ್ತಾಕ ಹೋಗ್ತದ. 2024 ಜೂನ್ 4, ಚುನಾವಣೆ ಎಣಿಕೆ ದಿನ, ನಿಫ್ಟಿ 1,379 ಪಾಯಿಂಟ್ ಕೆಳಗ ಮುಗೀತು. 75ರ ಲಾಟ್‌ಗಿ ಹಾಕಿದ್ರ ಒಂದೇ ದಿನ 1 ಲಕ್ಷ 3 ಸಾವಿರ.

ಹಿಸಾಬ್ ಅಕ್ಕ:
ಟ್ಯಾಕ್ಸ್ ಬಗ್ಗೆ ಯಾರೂ ಕೇಳಲಿಲ್ಲ, ಆದ್ರೂ ಹೇಳ್ತೀನಿ. ಫ್ಯೂಚರ್ಸ್ ಮಾಡಿದ್ರ ಅದು ವ್ಯಾಪಾರದ ಆದಾಯ, ಸ್ಪೆಕ್ಯುಲೇಟಿವ್ (ಸಟ್ಟಾ) ಅಲ್ಲ. ಶೇರಿನ ಇಂಟ್ರಾಡೇ ಸ್ಪೆಕ್ಯುಲೇಟಿವ್, ಎರಡೂ ಕಲಸಬ್ಯಾಡ. ರಿಟರ್ನ್ ಐಟಿಆರ್-3. ಲಾಸ್ ಆದ್ರೂ ಹಾಕ್ಬೇಕು, ಕೊನೇ ತಾರೀಖಿನ ಒಳಗ ಹಾಕಿದ್ರ ಆ ಲಾಸ್ 8 ವರ್ಷ ಮುಂದ ಒಯ್ಯಬಹುದು, ತಪ್ಪಿದ್ರ ಇಲ್ಲ. ಅಂಗಡಿ ಪಗಾರದಾಗ ಈ ಲಾಸ್ ಕಳಿಯಾಕ ಬರಲ್ಲ. ಬ್ರೋಕರೇಜ್ ಎಸ್‌ಟಿಟಿ ನೆಟ್ ಬಿಲ್ ಖರ್ಚಿನ್ಯಾಗ ತೋರಿಸಬಹುದು, ಕಾಂಟ್ರ್ಯಾಕ್ಟ್ ನೋಟ್ ಡಿಲೀಟ್ ಮಾಡಬ್ಯಾಡ. ಲಾಸ್ ಆಗ್ಯದ ಮನಿಗಿ ಗೊತ್ತಾಗ್ತದ ಅಂತ ರಿಟರ್ನ್ ಹಾಕದೇ ಕುಂದ್ರೋ ಹುಡುಗರೇ ಹೆಚ್ಚು. ಇಲಾಖೆಗಿ ನಿನ್ನ ವ್ಯವಹಾರ ಎಐಎಸ್‌ದಾಗ (ಇಲಾಖೆ ಇಟ್ಟಿರೋ ವರ್ಷದ ಮಾಹಿತಿ ಪಟ್ಟಿ) ಮೊದ್ಲೇ ಕಾಣ್ತದ.

ತೊಗರಿನಾಡ ಹುಡುಗ:
ಥ್ಯಾಂಕ್ಸ್ ಅಕ್ಕ. ಕ್ಯಾಲ್ಕ್ಯುಲೇಟರ್‌ದಾಗ ಹಾಕಿ ನೋಡ್ದೆ ಅಣ್ಣ, 540ರ ಹತ್ರಾನೇ ಬಂತು. ಅಪ್ಪನ ರೊಕ್ಕ ಮುಟ್ಟಲ್ಲ, ಕೋರ್ಸ್ ಸರ್‌ಗಿ ಪಿ ಆ್ಯಂಡ್ ಎಲ್ ಕೇಳ್ದೆ, ಇನ್ನೂ ಉತ್ತರ ಇಲ್ಲ. ನನ್ನ ರೊಕ್ಕಷ್ಟೇ ಅಂದ್ರ ಒಂದು ಲಾಟ್‌ಗೂ ಸಾಲಲ್ಲ, ಅದು ಕೂಡೋ ತನ ಪೇಪರ್ ಟ್ರೇಡ್ (ರೊಕ್ಕ ಹಾಕದೇ ಬರೀ ಬರ್ಕೊಂಡು) ಮಾಡ್ತೀನಿ. ಪೇಪರ್‌ದಾಗ ರೇಟ್ ಹ್ಯಾಂಗ ಬರ್ಕೋಬೇಕು? ಸ್ಕ್ರೀನ್ ಮ್ಯಾಲೆ ಕಾಣೋ ರೇಟಾ?

ಯಾದಗಿರಿ ಪ್ಯಾಸೆಂಜರ್:
ಕಾಣೋ ರೇಟ್ ಬರ್ಕೊಂಡ್ರ ಪೇಪರ್‌ದಾಗ ಎಲ್ಲರೂ ಕೋಟ್ಯಾಧಿಪತಿ 😄

ಸೇಡಂ ರೋಡ್ ಟ್ರೇಡರ್:
ಪ್ಯಾಸೆಂಜರ್ ಸರ್ ಇದೊಂದು ಬರೋಬರ್ ಹೇಳ್ಯಾರ. ಕೊನೇ ಟ್ರೇಡ್ ರೇಟ್ ಬರ್ಕೋಬ್ಯಾಡ. ಖರೀದಿ ಮಾಡಿದ್ರ ಆಸ್ಕ್ ರೇಟ್ (ಮಾರವ್ರು ಕೇಳೋದು), ಮಾರಿದ್ರ ಬಿಡ್ ರೇಟ್ (ತಗೋಳವ್ರು ಕೊಡೋದು). ಲಿಮಿಟ್ ಆರ್ಡರ್ (ಇದೇ ರೇಟ್‌ಗಿ ಬೇಕು ಅನ್ನೋದು) ಅಂತ ಬರ್ಕೊಂಡ್ರ ರೇಟ್ ಅಲ್ಲಿಗಿ ಬಂದು ಮುಟ್ಟಿ ತಿರುಗಿದ್ರ ಆರ್ಡರ್ ಸಿಕ್ಕಿಲ್ಲ ಅಂತ ಹಿಡಿ, ನಿನ್ನಕಿಂತ ಮೊದ್ಲ ಸಾಲಿನ್ಯಾಗ ನಿಂತವ್ರು ಬಾಳ ಮಂದಿ ಇರ್ತಾರ, ರೇಟ್ ಅದನ್ನ ದಾಟಿ ಹೋದ್ರ ಮಾತ್ರ ಸಿಕ್ಕದ. ಸ್ಟಾಪ್ ಹೊಡದ್ರ ಎರಡು ಪಾಯಿಂಟ್ ಹೆಚ್ಚಿಗಿ ಹೋತು ಅಂತ ಹಾಕು. ಪ್ರತಿ ಸಾಲಿಗಿ 7.2 ಕಳಿ. ಟ್ರೇಡ್ ಒಳಗ ಹೋಗೋ ಮೊದ್ಲ ಕಾರಣ ಒಂದು ಸಾಲು ಬರಿ, ಹೊರಗ ಬಂದ ಮ್ಯಾಲೆ ಬರೆದ್ರ ಅದು ಕತಿ ಆಗ್ತದ.

ತೊಗರಿನಾಡ ಹುಡುಗ:
ಮಂಗಳವಾರ ಬಿಡ್ಲೇನು?

ಸೇಡಂ ರೋಡ್ ಟ್ರೇಡರ್:
ಬಿಡಬ್ಯಾಡ, ಬ್ಯಾರೆ ಶೀಟ್ ಮಾಡು. 2025 ಸೆಪ್ಟೆಂಬರ್ 1ರಿಂದ ನಿಫ್ಟಿ ಎಕ್ಸ್‌ಪೈರಿ ಗುರುವಾರದಿಂದ ಮಂಗಳವಾರಕ್ಕ ಬಂದದ, ಗುರುವಾರ ಈಗ ಸೆನ್ಸೆಕ್ಸ್‌ದು. ಅದಕ್ಕ ಹಳೇ ವಿಡಿಯೋದಾಗ ಗುರುವಾರ ಹಿಂಗ ಆಗ್ತದ ಶುಕ್ರವಾರ ಹಂಗ ಆಗ್ತದ ಅಂತ ಇರೋದೆಲ್ಲ ಈಗ ಕೆಲಸಕ್ಕ ಬರಲ್ಲ, ನಿನ್ನ ಶೀಟ್‌ದಾಗ ಬಂದಿದ್ದಷ್ಟೇ ನಂಬು. ನೂರು ಸಾಲು ಆದ ಮ್ಯಾಲೆ ಇಲ್ಲಿ ಹಾಕು, ಗೆದ್ದಿದ್ದು ಸೋತಿದ್ದು ಎರಡೂ, ನೋಡಿ ಹೇಳ್ತೀನಿ.